ಗಿರ್ಮಿಟಿಯರ ವಂಶಜರು ಮತ್ತು ಪುಣ್ಯಭೂಮಿಯ ಪ್ರಶ್ನೆ

ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದಾದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. 1834ರಿಂದ 1917ರವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿ ಹಡಗು ಹತ್ತಿದರು. ಮೊದಲು ಮಾರಿಷಸ್‌ಗೆ, 1838ರಲ್ಲಿ ಗಯಾನಾಕ್ಕೆ, 1845ರಲ್ಲಿ ಟ್ರಿನಿಡಾಡ್‌ಗೆ, 1860ರಲ್ಲಿ ದಕ್ಷಿಣ ಆಫ್ರಿಕದ ನೇಟಾಲ್‌ಗೆ, 1873ರಲ್ಲಿ ಡಚ್ಚರ ಸುರಿನಾಮ್‌ಗೆ, 1879ರಲ್ಲಿ ಫಿಜಿಗೆ. ಆ ಕರಾರನ್ನು ಅವರು ಗಿರ್ಮಿಟ್ ಎಂದು ಕರೆದರು, ತಾವು ಗಿರ್ಮಿಟಿಯರಾದರು. ಹೆಚ್ಚಿನವರು ಇಂದಿನ ಪೂರ್ವ ಉತ್ತರ ಪ್ರದೇಶ ಮತ್ತು ಬಿಹಾರದವರು. ಮದರಾಸಿನ ಬಂದರಿನಿಂದ ಹೋದ ತಮಿಳರೂ ತೆಲುಗರೂ ಕಡಿಮೆಯಿರಲಿಲ್ಲ. ಇಂದು ಅವರ ಐದನೆಯ, ಆರನೆಯ ತಲೆಮಾರಿನವರು ಬೇರೆ ದೇಶದ ಪಾಸ್‌ಪೋರ್ಟ್ ಹಿಡಿದು ಭಾರತಕ್ಕೆ ಬರುತ್ತಾರೆ. ಕೆಲವರು ಪೂರ್ವಿಕರ ಊರು ಹುಡುಕಿಕೊಂಡು ನಾಲ್ಕು ವಾರ ಸುತ್ತುತ್ತಾರೆ. ಕೆಲವರು ಸಂಗೀತವನ್ನೋ ಸಂಸ್ಕೃತವನ್ನೋ ಕಲಿಯಲು ಬಂದು ವರ್ಷಗಟ್ಟಲೆ ಇಲ್ಲೇ ನೆಲೆಸುತ್ತಾರೆ.

ಇವರ ವಾಸ ಒಂದು ಹಳೆಯ ಧಾರ್ಮಿಕ ಪ್ರಶ್ನೆಯನ್ನು ಮತ್ತೆ ಎಬ್ಬಿಸುತ್ತದೆ. ನೆಲದ ಪಾವಿತ್ರ್ಯ ಮಣ್ಣಿನಲ್ಲಿದೆಯೇ, ಅಲ್ಲಿ ಬದುಕುವವರ ನಡೆಯಲ್ಲಿದೆಯೇ? ಮಣ್ಣಿನಲ್ಲಿದ್ದರೆ, ಸಮುದ್ರ ದಾಟಿದವರ ಮಕ್ಕಳು ಕೊರತೆ ಹೊತ್ತು ಹುಟ್ಟಿದವರು, ಪಿತೃಭೂಮಿಗೆ ಬಂದು ಅದನ್ನು ತುಂಬಿಕೊಳ್ಳಬೇಕಾದವರು. ನಡೆಯಲ್ಲಿದ್ದರೆ, ಅವರು ಇಲ್ಲಿಗೆ ಬರುವ ಕಾರಣವೇ ಬೇರೆ.

ಮೊದಲ ಉತ್ತರಕ್ಕೆ ಶಾಸ್ತ್ರದ ಬೆಂಬಲ ದೊಡ್ಡದು. ಭಾರತವರ್ಷವೇ ಕರ್ಮಭೂಮಿ, ಉಳಿದವು ಫಲವನ್ನು ಉಣ್ಣುವ ಭೋಗಭೂಮಿಗಳು, ಇಲ್ಲಿ ಹುಟ್ಟಿದವರನ್ನು ಕಂಡು ದೇವತೆಗಳೂ ಧನ್ಯರೆನ್ನುತ್ತಾರೆ ಎಂಬುದು ವಿಷ್ಣುಪುರಾಣದ ನಿಲುವು. ಕೃಷ್ಣಮೃಗ ಸಹಜವಾಗಿ ಅಲೆಯುವ ನೆಲವೇ ಯಜ್ಞಕ್ಕೆ ಯೋಗ್ಯ, ಅದರಾಚೆಗಿನದು ಮ್ಲೇಚ್ಛದೇಶ ಎಂದು ಮನುಸ್ಮೃತಿ ಎಲ್ಲೆ ಎಳೆಯುತ್ತದೆ. ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಪತನಕ್ಕೆ ಕಾರಣವಾಗುವ ಕರ್ಮಗಳ ಸಾಲಿನಲ್ಲಿ ಸೇರಿಸಿ, ಮೂರು ವರ್ಷಗಳ ಕಠಿಣ ಪ್ರಾಯಶ್ಚಿತ್ತ ವಿಧಿಸುತ್ತದೆ. ಅದೇ ಗ್ರಂಥ ಇನ್ನೊಂದೆಡೆ ಸಮುದ್ರಯಾನವನ್ನು ಉತ್ತರದವರ ವಿಶಿಷ್ಟ ಆಚಾರಗಳಲ್ಲಿ ಒಂದೆಂದು ಪಟ್ಟಿ ಮಾಡುತ್ತದೆ. ಅಂದರೆ ಜನ ಹಡಗು ಹತ್ತುತ್ತಲೇ ಇದ್ದರು. ಮುಂದೆ ಕಲಿವರ್ಜ್ಯಗಳ, ಅಂದರೆ ಕಲಿಯುಗದಲ್ಲಿ ಬಿಡಬೇಕಾದ ಆಚಾರಗಳ ಪಟ್ಟಿ ಬೆಳೆದಂತೆ ನಿಷೇಧ ಬಿಗಿಯಾಯಿತು. ಕಡಲು ದಾಟಿದ ದ್ವಿಜ ಪ್ರಾಯಶ್ಚಿತ್ತ ಮಾಡಿಕೊಂಡರೂ ಅವನ ಪಂಕ್ತಿಯಲ್ಲಿ ಕೂರಬಾರದು ಎನ್ನುವವರೆಗೆ ಅದು ಹೋಯಿತು. ಈ ವಿಧಿಗಳೆಲ್ಲ ಮುಖ್ಯವಾಗಿ ದ್ವಿಜರನ್ನು ಕುರಿತವು ಎಂಬುದನ್ನು ಮರೆಯುವಂತಿಲ್ಲ. ಹೊಟ್ಟೆಪಾಡಿಗೆ ಹೊರಟ ಬಡ ರೈತನನ್ನು, ವಿಧವೆಯನ್ನು, ಜಾತಿಯ ಕೆಳಮೆಟ್ಟಿಲಲ್ಲಿ ನಿಲ್ಲಿಸಲ್ಪಟ್ಟವರನ್ನು ಶಾಸ್ತ್ರಕಾರರು ನೆನೆದದ್ದು ಕಡಿಮೆ. ಕಾಲಾಪಾನಿಯ, ಅಂದರೆ ಕಡಲು ದಾಟಿದರೆ ಜಾತಿ ಕೆಡುತ್ತದೆ ಎಂಬ ಭಯ ಮಾತ್ರ ಎಲ್ಲರ ಮನೆಯನ್ನೂ ಹೊಕ್ಕಿತ್ತು.

ಎರಡನೆಯ ಉತ್ತರ ಬಂದದ್ದು ಮನುಸ್ಮೃತಿಗೆ ಭಾಷ್ಯ ಬರೆದ ಮೇಧಾತಿಥಿಯಿಂದ, ಸುಮಾರು ಒಂಬತ್ತನೆಯ ಶತಮಾನದಲ್ಲಿ. ಕೃಷ್ಣಮೃಗದ ಶ್ಲೋಕವನ್ನು ವಿವರಿಸುತ್ತ ಅವನು, ನೆಲಕ್ಕೆ ತನ್ನಷ್ಟಕ್ಕೆ ಯಾವ ದೋಷವೂ ಇಲ್ಲ ಎನ್ನುತ್ತಾನೆ. ಮ್ಲೇಚ್ಛರು ವಾಸವಾಗಿರುವುದರಿಂದ ಅದು ಮ್ಲೇಚ್ಛದೇಶ. ಸದಾಚಾರಿಯಾದ ರಾಜನೊಬ್ಬ ಅದನ್ನು ಗೆದ್ದು ಅಲ್ಲಿ ವರ್ಣಾಶ್ರಮ ನೆಲೆಗೊಳಿಸಿದರೆ ಆ ದೇಶವೂ ಯಜ್ಞಕ್ಕೆ ಯೋಗ್ಯವಾಗುತ್ತದೆ. ಈ ಮಾತಿನೊಳಗಿರುವ ವಿಜಯದ ಹಮ್ಮನ್ನೂ ವರ್ಣವ್ಯವಸ್ಥೆಯನ್ನೂ ಇಂದಿನ ಓದುಗ ಒಪ್ಪಬೇಕಿಲ್ಲ. ಆದರೆ ಅದರ ತರ್ಕ ಗಟ್ಟಿಯಾದದ್ದು: ದೇಶದ ಯೋಗ್ಯತೆ ಸಂಪಾದನೆಯಿಂದ ಬರುವಂಥದು, ಆದ್ದರಿಂದ ಕಳೆದುಹೋಗಲೂಬಹುದಾದದ್ದು. ಗಿರ್ಮಿಟಿಯರು ಮೇಧಾತಿಥಿಯನ್ನು ಓದಿದವರಲ್ಲ. ಅವನ ಮಾತನ್ನು, ರಾಜನೂ ಗೆಲುವೂ ಇಲ್ಲದೆ, ಬದುಕಿ ತೋರಿಸಿದವರು ಅವರೇ.

ಕಲ್ಕತ್ತೆಯಿಂದ ಕೆರಿಬಿಯನ್ ದ್ವೀಪಗಳಿಗೆ ಹಾಯಿಹಡಗಿನಲ್ಲಿ ಸುಮಾರು ಮೂರು ತಿಂಗಳ ಪ್ರಯಾಣ. ಎಲ್ಲರಿಗೂ ಒಂದೇ ಅಡುಗೆ, ಒಂದೇ ನೀರು. ಮಡಿ ಮೈಲಿಗೆಯ ಲೆಕ್ಕ ಅಲ್ಲಿ ಉಳಿಯಲಿಲ್ಲ. ಅದರ ಜಾಗದಲ್ಲಿ ‘ಜಹಾಜಿ ಭಾಯಿ’ ಎಂಬ ಹೊಸ ನೆಂಟಸ್ತಿಕೆ ಹುಟ್ಟಿತು. ಒಂದೇ ಹಡಗಿನಲ್ಲಿ ಬಂದವರು ಒಡಹುಟ್ಟಿದವರಂತೆ ಬಾಳಿದರು. ಇಳಿದ ನೆಲದಲ್ಲಿ ತೀರ್ಥಗಳೂ ಹುಟ್ಟಿದವು. ಮಾರಿಷಸ್ಸಿನ ಬೆಟ್ಟಗಳ ನಡುವಿನ ಗ್ರಾಂಡ್ ಬಾಸೆಂ ಸರೋವರ ಗಂಗೆಗೆ ಸೇರಿದ್ದೆಂದು 1897ರಲ್ಲಿ ಒಬ್ಬ ಪುರೋಹಿತರಿಗೆ ಕನಸಾಯಿತು. ಮರುವರ್ಷವೇ ಯಾತ್ರೆ ಶುರುವಾಯಿತು. 1972ರಲ್ಲಿ ಭಾರತದಿಂದ ತಂದ ಗಂಗಾಜಲವನ್ನು ಅದಕ್ಕೆ ಬೆರೆಸಿದರು. ಇಂದು ಅದು ಗಂಗಾ ತಲಾವ್. ಮಹಾಶಿವರಾತ್ರಿಗೆ ದ್ವೀಪದ ಮೂಲೆಮೂಲೆಗಳಿಂದ ಜನ ಕಾವಡಿ ಹೊತ್ತು ನಡೆದು ಬರುತ್ತಾರೆ.

ಟ್ರಿನಿಡಾಡ್‌ನ ವಾಟರ್‌ಲೂ ಹಳ್ಳಿಯ ಶಿವದಾಸ ಸಾಧು ಅವರ ಕಥೆ ಇದಕ್ಕಿಂತ ಕಠಿಣ. ಕಬ್ಬಿನ ತೋಟದ ಕೂಲಿಯಾಗಿದ್ದ ಅವರು 1940ರ ದಶಕದಲ್ಲಿ ಕಟ್ಟಿದ ಗುಡಿ ಸಕ್ಕರೆ ಕಂಪನಿಯ ಜಾಗದಲ್ಲಿತ್ತು. ಅದನ್ನು ಕೆಡವಿಸಿ ಅವರನ್ನು ಜೈಲಿಗೂ ಕಳುಹಿಸಿದರು. ಸಮುದ್ರಕ್ಕೆ ಒಡೆಯನಿಲ್ಲವೆಂದು ಅವರು ಸೈಕಲ್ಲಿನಲ್ಲಿ ಕಲ್ಲು, ಸಿಮೆಂಟು ಸಾಗಿಸಿ, ವರ್ಷಗಟ್ಟಲೆ ಒಬ್ಬರೇ ದುಡಿದು, ಸಮುದ್ರದೊಳಗೇ ನೆಲ ಎತ್ತರಿಸಿ ಗುಡಿ ಕಟ್ಟಿದರು. ಯಾವ ಕಡಲನ್ನು ದಾಟಿದ್ದು ಪತನವೆಂದು ಹೇಳಲಾಗಿತ್ತೋ ಆ ಕಡಲಿನಲ್ಲೇ ದೇವರಿಗೆ ಜಾಗ ಸಿಕ್ಕಿತು. ಭೂಮಿ ಪುಣ್ಯವಾಗುವುದು ಹೇಗೆ ಎಂಬ ಚರ್ಚೆಯಲ್ಲಿ ಈ ಗುಡಿಗೆ ಭಾಷ್ಯಗ್ರಂಥದಷ್ಟೇ ತೂಕವಿದೆ.

ದಾಟಿದ ದೋಷವನ್ನು ಉಳ್ಳವರು ನಿಭಾಯಿಸಿದ ರೀತಿ ಬೇರೆಯಾಗಿತ್ತು. 1902ರಲ್ಲಿ ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೊರಟ ಜೈಪುರದ ಮಹಾರಾಜ ಮಾಧೋ ಸಿಂಗ್, ತಲಾ ನಾಲ್ಕು ಸಾವಿರ ಲೀಟರ್ ಹಿಡಿಸುವ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲ ತುಂಬಿಸಿ ಹಡಗಿಗೇರಿಸಿದ. ಬ್ಯಾರಿಸ್ಟರ್ ಓದಲು ಹೋದ ಮೋಹನದಾಸ ಗಾಂಧಿಯನ್ನು 1888ರಲ್ಲಿ ಮುಂಬಯಿಯ ಜಾತಿಪಂಚಾಯಿತಿ ಬಹಿಷ್ಕರಿಸಿತು. ಮರಳಿದ ಮೇಲೆ ಅಣ್ಣ ಅವರನ್ನು ನಾಸಿಕಕ್ಕೆ ಕರೆದೊಯ್ದು ನದಿಯಲ್ಲಿ ಮೀಯಿಸಿ, ಊರಿನಲ್ಲಿ ಜಾತಿಯವರಿಗೆ ಊಟ ಹಾಕಿಸಿದರು. ಕರ್ನಾಟಕದಲ್ಲಿ ಈ ವಿಷಯ ಇನ್ನೂ ತಣ್ಣಗಾಗಿಲ್ಲ. 2008ರ ಉಡುಪಿ ಪರ್ಯಾಯದ ಹೊತ್ತಿಗೆ, ವಿದೇಶ ಸಂಚಾರ ಮಾಡಿ ಬಂದಿದ್ದ ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ಕೃಷ್ಣವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂದು ಅಷ್ಟಮಠಗಳಲ್ಲೇ ಬಹಿರಂಗ ವಿವಾದ ನಡೆಯಿತು. ಅವರು ಆಗಲೂ 2024ರಲ್ಲೂ ಸರ್ವಜ್ಞ ಪೀಠವೇರಿದರು.

ಬಡವರು ಮರಳಿದಾಗ ಹಂಡೆಯೂ ಇರಲಿಲ್ಲ, ಊಟ ಹಾಕಿಸುವ ಶಕ್ತಿಯೂ ಬೇಗ ಕರಗುತ್ತಿತ್ತು. ಕರಾರು ಮುಗಿಸಿ ಸಾವಿರಾರು ಗಿರ್ಮಿಟಿಯರು ವಾಪಸು ಬಂದರು. ಗಂಟಿನಲ್ಲಿದ್ದ ಹಣವನ್ನು ಪ್ರಾಯಶ್ಚಿತ್ತದ ಭೋಜನಗಳೂ ನೆಂಟರೂ ನುಂಗಿದ ಮೇಲೆ ಊರು ಅವರನ್ನು ಒಳಗೆ ಬಿಡಲಿಲ್ಲ. ಹಡಗಿನ ಮದುವೆ ಮದುವೆಯಲ್ಲ, ಅಲ್ಲಿ ಹುಟ್ಟಿದ ಮಕ್ಕಳಿಗೆ ಜಾತಿಯಿಲ್ಲ ಎಂಬ ತೀರ್ಪು ಬಂತು. 1920ರ ದಶಕದಲ್ಲಿ ಹೀಗೆ ಹೊರದೂಡಲ್ಪಟ್ಟವರು ಕಲ್ಕತ್ತೆಯ ಬಂದರಿನ ಪಕ್ಕದ ಮಟಿಯಾಬುರುಜ್‌ನ ಕೊಳೆಗೇರಿಗಳಲ್ಲಿ ಮಲೇರಿಯಾ, ಹಸಿವುಗಳ ನಡುವೆ, ಬಿಟ್ಟು ಬಂದ ದ್ವೀಪಕ್ಕೇ ಮತ್ತೆ ಕಳುಹಿಸಿ ಎಂದು ಬೇಡುತ್ತ ಕಾದರು. ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಭವಾನಿ ದಯಾಳ್ ಸಂನ್ಯಾಸಿ ಈ ಮರಳಿದವರ ದುಃಸ್ಥಿತಿಯನ್ನು ತನಿಖೆ ಮಾಡಿ 1931ರಲ್ಲಿ ವರದಿ ಪ್ರಕಟಿಸಿದರು. ಕರ್ಮಭೂಮಿಯ ಸಿದ್ಧಾಂತ ಇಲ್ಲಿ ಸೋತಿತು ಎಂದೇ ಹೇಳಬೇಕು. ದೇವತೆಗಳೂ ಧನ್ಯವೆನ್ನುವ ನೆಲ ತನ್ನವರಿಗೇ ಕುಡಿಯಲು ನೀರು ಕೊಡಲಿಲ್ಲ, ದೋಷ ಮಣ್ಣಿನದಾಗಿರಲಿಲ್ಲ.

ಇಂದಿನ ಪ್ರವಾಸಿಯ ಕೈಯಲ್ಲಿ ಸಾಮಾನ್ಯವಾಗಿ ಒಂದು ವಲಸೆ ಪಾಸಿನ ನಕಲು ಇರುತ್ತದೆ. ಹೆಸರು, ತಂದೆಯ ಹೆಸರು, ಜಾತಿ, ಜಿಲ್ಲೆ, ಠಾಣೆ, ಊರು, ಮೈಮೇಲಿನ ಗುರುತು. ಮಾರಿಷಸ್ಸಿನ ಮೋಕಾದಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆ ಇಂಥ ದಾಖಲೆಗಳ ದೊಡ್ಡ ಭಂಡಾರ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡ ಊರ ಹೆಸರುಗಳು ಈಗಿನ ನಕ್ಷೆಯಲ್ಲಿ ಸಿಗುವುದು ಕಷ್ಟ. ಸಿಕ್ಕವರಿಗೆ ಊರು ಸಂಭ್ರಮದಿಂದ ಬಾಗಿಲು ತೆರೆಯುತ್ತದೆ. ಟ್ರಿನಿಡಾಡ್‌ನ ಪ್ರಧಾನಿ ಕಮಲಾ ಪ್ರಸಾದ್ ಬಿಸ್ಸೇಸರ್ 2012ರ ಜನವರಿಯಲ್ಲಿ ಬಿಹಾರದ ಬಕ್ಸರ್ ಜಿಲ್ಲೆಯ ಭೇಲೂಪುರಕ್ಕೆ ಬಂದಾಗ ಊರಿಗೆ ಊರೇ ನೆರೆದಿತ್ತು. ಮುತ್ತಜ್ಜನನ್ನು ಬಹಿಷ್ಕರಿಸಬಹುದಾಗಿದ್ದ ಊರು ಮರಿಮಗಳಿಗೆ ಆರತಿ ಎತ್ತುವುದು ಒಳ್ಳೆಯ ಬದಲಾವಣೆಯೇ. ಆ ಆರತಿ ಅಧಿಕಾರಕ್ಕೋ ರಕ್ತಸಂಬಂಧಕ್ಕೋ ಎಂಬುದು ಹೆಸರಿಲ್ಲದ ಪ್ರವಾಸಿ ಬಂದಾಗ ತಿಳಿಯುತ್ತದೆ. ಎಲ್ಲರಿಗೂ ಸಮಾಧಾನ ಸಿಗುವುದಿಲ್ಲ. ಟ್ರಿನಿಡಾಡ್‌ನಲ್ಲಿ ಹುಟ್ಟಿದ ವಿ. ಎಸ್. ನೈಪಾಲ್ ತಾಯಿಯ ತಂದೆಯ ಊರಿಗೆ ಹೋಗಿ ಬಂದು 1964ರಲ್ಲಿ ಬರೆದ ಪುಸ್ತಕದ ತುಂಬ ನಿರಾಶೆಯೇ ಇದೆ.

ನೆಲೆಸಲು ಬಂದವರಿಗೆ ಕಾನೂನು ಇನ್ನೊಂದು ಅಳತೆಗೋಲು ಹಿಡಿಯುತ್ತದೆ. ಸಾಗರೋತ್ತರ ಭಾರತೀಯ ನಾಗರಿಕ (ಓಸಿಐ) ಕಾರ್ಡು ಇದ್ದರೆ ವೀಸಾ ಇಲ್ಲದೆ ಎಷ್ಟು ಕಾಲವಾದರೂ ಇರಬಹುದು. ಮತ ಹಾಕುವಂತಿಲ್ಲ, ಕೃಷಿಭೂಮಿ ಕೊಳ್ಳುವಂತಿಲ್ಲ. ಪೂರ್ವಿಕರು ಬಿಟ್ಟುಹೋದದ್ದು ಹೊಲ, ಕೊಳ್ಳಬಾರದ್ದೂ ಅದೇ. ಈ ಕಾರ್ಡು ಮುತ್ತಜ್ಜನವರೆಗೆ ಮಾತ್ರ ವಂಶ ಲೆಕ್ಕ ಹಾಕುತ್ತಿದ್ದುದರಿಂದ ಬಹುಪಾಲು ಗಿರ್ಮಿಟಿಯ ವಂಶಜರು ಹೊರಗುಳಿದಿದ್ದರು. ಬೆಂಗಳೂರಿನಲ್ಲಿ 2017ರ ಜನವರಿಯಲ್ಲಿ ನಡೆದ ಪ್ರವಾಸಿ ಭಾರತೀಯ ದಿವಸದಲ್ಲೂ ಅವರ ಮಾತು ಬಂತು. 2024ರಲ್ಲಿ ಮಾರಿಷಸ್ಸಿನವರಿಗೆ ಏಳನೆಯ ತಲೆಮಾರಿನವರೆಗೆ, 2025ರಲ್ಲಿ ಟ್ರಿನಿಡಾಡ್‌ನವರಿಗೆ ಆರನೆಯ ತಲೆಮಾರಿನವರೆಗೆ ಅವಕಾಶ ಘೋಷಣೆಯಾಯಿತು.

ಶ್ರಾದ್ಧದ ಲೆಕ್ಕ ಬಲ್ಲವರಿಗೆ ಈ ಸಂಖ್ಯೆಗಳು ಪರಿಚಿತ. ಪಿಂಡಕ್ಕೆ ಹೆಸರು ಹೇಳಿ ಕರೆಯುವುದು ತಂದೆ, ಅಜ್ಜ, ಮುತ್ತಜ್ಜ, ಈ ಮೂವರನ್ನು. ಸಪಿಂಡ ಸಂಬಂಧ ಏಳನೆಯ ತಲೆಗೆ ನಿಲ್ಲುತ್ತದೆ ಎನ್ನುತ್ತಾನೆ ಮನು. ಸರ್ಕಾರ ಶಾಸ್ತ್ರ ನೋಡಿ ನಿಯಮ ಮಾಡಿರಲಾರದು, ಕಾಕತಾಳೀಯವೇ ಸರಿ. ಆದರೂ ಎರಡರ ನಡುವೆ ಒಂದು ವ್ಯತ್ಯಾಸವಿದೆ. ಶಾಸ್ತ್ರದಲ್ಲಿ ಏಳರಾಚೆಗೂ ಸಮಾನೋದಕ, ಅಂದರೆ ತರ್ಪಣದ ನೀರಿನ ನಂಟು ಉಳಿಯುತ್ತದೆ, ಹುಟ್ಟೂ ಹೆಸರೂ ತಿಳಿಯದಾಗುವವರೆಗೆ.

ಸಂಕಲ್ಪವೂ ಇದೇ ವಿವೇಕವನ್ನು ತೋರಿಸುತ್ತದೆ. ಕರ್ತೃ ತಾನು ಕೂತಿರುವ ದೇಶವನ್ನು ಒಂದು ಕಡೆ, ತನ್ನ ಗೋತ್ರವನ್ನು ಇನ್ನೊಂದು ಕಡೆ ಹೇಳುತ್ತಾನೆ. ಅಮೆರಿಕದ ದೇವಸ್ಥಾನಗಳಲ್ಲಿ ಜಂಬೂದ್ವೀಪದ ಬದಲು ಕ್ರೌಂಚದ್ವೀಪವೆನ್ನುವ ಪಾಠ ರೂಢಿಗೆ ಬಂದಿದೆ. ಅಲ್ಲಿನ ಕನ್ನಡಿಗರ ಮನೆಗಳ ಪೂಜೆಗಳಲ್ಲೂ ಅದು ಕೇಳಿಬರುತ್ತದೆ. ಸುರಿನಾಮ್‌ನ ಪ್ರಜೆ ಕಾಶಿಯಲ್ಲಿ ಕೂತರೆ ಅವನ ಸಂಕಲ್ಪದಲ್ಲಿ ಭರತವರ್ಷವೇ ಬರುತ್ತದೆ, ಪಾಸ್‌ಪೋರ್ಟ್ ಯಾರೂ ಕೇಳುವುದಿಲ್ಲ. ಗೋತ್ರ ಮರೆತಿದ್ದರೆ ಕಾಶ್ಯಪ ಗೋತ್ರ ಹೇಳಿಸುವ ರೂಢಿಯಿದೆ. ದೇಶ ಬದಲಾದರೆ ವಂಶ ಅಳಿಯುವುದಿಲ್ಲ, ವಂಶ ಮರೆತರೆ ಕರ್ಮ ನಿಲ್ಲುವುದಿಲ್ಲ.

ಹೀಗಾಗಿ ಗಿರ್ಮಿಟಿಯರ ವಂಶಜರು ಪಿತೃಭೂಮಿಗೆ ಬರುವುದಕ್ಕೆ ಶುದ್ಧಿಯ ಕಾರಣ ಬೇಕಾಗಿಲ್ಲ. ಋಣದ ಕಾರಣ ಸಾಕು. ಅದು ತೀರುವ ಜಾಗ ಹಲವರಿಗೆ ಊರಿಗಿಂತ ಹೆಚ್ಚಾಗಿ ಗಯೆ. ಟ್ರಿನಿಡಾಡ್‌ನಲ್ಲಿ 1950ರ ದಶಕದವರೆಗೂ ಶವದಹನ ಸುಲಭವಿರಲಿಲ್ಲ, ಹಿಂದೂಗಳು ಹೆಚ್ಚಾಗಿ ಹೂಳಲ್ಪಟ್ಟರು; ಹಡಗಿನಲ್ಲಿ ಸತ್ತವರನ್ನು ಕಡಲಿಗೆ ಬಿಟ್ಟರು. ಗಯಾವಾಲ ಪಂಡಾಗಳ ವಹಿಗಳಲ್ಲಿ ಆ ಹೆಸರುಗಳು ಸಿಗದಿರಬಹುದು. ಫಲ್ಗು ನದಿಯ ದಡದಲ್ಲಿ, ವಿಷ್ಣುಪದದಲ್ಲಿ ನಡೆಯುವ ಶ್ರಾದ್ಧದ ವಿಧಿ ಅದಕ್ಕೆ ಜಾಗ ಬಿಟ್ಟಿದೆ. ದಹನವಾದವರು, ಆಗದವರು, ಅಪಮೃತ್ಯುವಿಗೀಡಾದವರು, ಸಂತತಿಯಿಲ್ಲದವರು, ಹೆಸರು ತಿಳಿಯದವರು, ಬಂಧುಗಳು, ಬಂಧುಗಳಲ್ಲದ ಸ್ನೇಹಿತರು ಎಲ್ಲರಿಗೂ ಅಲ್ಲಿ ಪಿಂಡವುಂಟು. ಅಜ್ಜನ ಜಹಾಜಿ ಭಾಯಿಗೂ ಆ ಸಾಲಿನಲ್ಲಿ ಪಾಲಿದೆ.