ಮಕ್ಕಳ ಕೈಗೆ ಒಲವಿನ ಓಲೆ

ಅಮೆರಿಕಾ ದೇಶದಲ್ಲಿ ನೆಲಸಿರುವ ಕನ್ನಡ ಗೃಹಸ್ಥರ ಮನೆಗಳಲ್ಲಿ ಫೆಬ್ರವರಿ ತಿಂಗಳು ಬಂದಿತೆಂದರೆ ಚಿಕ್ಕದಾದರೂ ತೊಡಕಿನ ಪ್ರಶ್ನೆಯೊಂದು ತಲೆದೋರುವುದುಂಟು. ಆ ತಿಂಗಳ ೧೪ನೆಯ ದಿನವನ್ನು ಅಲ್ಲಿಯ ಜನರು ವ್ಯಾಲೆಂಟೈನ್ ದಿನವೆಂದು ಕರೆದು, ಒಲಿದವರಿಗೆ ಕೆಂಪು ಹೃದಯದ ಚಿತ್ರವುಳ್ಳ ಕಾರ್ಡುಗಳನ್ನು ಕೊಡುವರು. ಅದು ಹಿರಿಯರ ವ್ಯವಹಾರವಾಗಿ ಮಾತ್ರ ಉಳಿದಿಲ್ಲ. ಪ್ರಾಥಮಿಕ ಶಾಲೆಯ ಮಕ್ಕಳು ತರಗತಿಯ ಸಹಪಾಠಿಗಳಿಗೆಲ್ಲ ಒಂದೊಂದು ಪುಟ್ಟ ಕಾರ್ಡನ್ನು ಒಯ್ಯುವ ರೂಢಿ ಅಲ್ಲಿ ಬಹುಕಾಲದಿಂದ ಬಂದಿದೆ. ಯಾವ ಮಗುವಿನ ಮನಸ್ಸೂ ನೋಯದಿರಲೆಂದು ಅನೇಕ ಶಾಲೆಗಳಲ್ಲಿ ಉಪಾಧ್ಯಾಯಿನಿಯರು ಎಲ್ಲರ ಹೆಸರುಗಳ ಪಟ್ಟಿಯನ್ನೇ ಮನೆಗೆ ಕಳುಹಿಸುವರು. ಕೊಡುವುದಾದರೆ ಎಲ್ಲರಿಗೂ ಕೊಡಬೇಕು, ಇಲ್ಲವೆ ಯಾರಿಗೂ ಬೇಡ ಎಂಬುದು ಅವರ ಕಟ್ಟಳೆ. ಒಳ್ಳೆಯ ಕಟ್ಟಳೆಯೇ ಸರಿ. ಹಿಂದಿನ ಸಂಜೆ ಮಗು ಅಡಿಗೆಮನೆಯ ಮೇಜಿನ ಬಳಿ ಕುಳಿತು ಇಪ್ಪತ್ತು ಇಪ್ಪತ್ತೈದು ಹೆಸರುಗಳನ್ನು ಬರೆಯುವುದು. ಬರೆಯುತ್ತ ತಲೆಯೆತ್ತಿ ಕೇಳುವುದು: "ಅಮ್ಮಾ, ನನ್ನ ಗೆಳತಿಗೆ ಅವಳ ಅಪ್ಪ ಅಮ್ಮನೂ ಒಂದು ಕಾರ್ಡು ಕೊಡುತ್ತಾರಂತೆ. ನೀವು ನನಗೆ ಯಾಕೆ ಕೊಡುವುದಿಲ್ಲ?"

ತಂದೆ ಹೇಳುವನು: "ಅದು ಗಂಡುಹೆಣ್ಣುಗಳ ಪ್ರಣಯದ ದಿನ. ಮಕ್ಕಳಿಗೂ ಅದಕ್ಕೂ ಏನು ಸಂಬಂಧ?" ತಾಯಿ ಹೇಳುವಳು: "ಪ್ರೀತಿಯನ್ನು ಕಾಗದದಲ್ಲಿ ಬರೆದು ತೋರಿಸಬೇಕೇ? ದಿನವೂ ಉಣಿಸಿ ಉಡಿಸುವುದು ಪ್ರೀತಿಯಲ್ಲದೆ ಮತ್ತೇನು?" ತಂದೆಯ ಮಾತು ಅರ್ಧ ನಿಜ. ತಾಯಿಯ ಮಾತು ಮುಕ್ಕಾಲು ನಿಜ. ಆದರೆ ಮಗು ಕೇಳಿದ್ದು ಉಳಿದ ಕಾಲುಭಾಗವನ್ನು ಕುರಿತು.

ತಂದೆಯ ಆಕ್ಷೇಪಣೆಯನ್ನು ಮೊದಲು ವಿಚಾರಿಸಬಹುದು. ವ್ಯಾಲೆಂಟೈನ್ ಎಂಬುದು ೩ನೆಯ ಶತಮಾನದಲ್ಲಿ ರೋಮ್ ಸೀಮೆಯಲ್ಲಿ ಧರ್ಮಕ್ಕಾಗಿ ಪ್ರಾಣಕೊಟ್ಟ ಕ್ರೈಸ್ತ ಸಂತನ ಹೆಸರು. ಒಬ್ಬನು ರೋಮಿನ ಪಾದ್ರಿ, ಇನ್ನೊಬ್ಬನು ಟೆರ್ನಿ ಪಟ್ಟಣದ ಬಿಷಪ್ ಎಂದು ಕಥೆಗಳಿವೆ; ಇಬ್ಬರೋ ಒಬ್ಬನೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅವನನ್ನು ಕುರಿತು ಖಚಿತವಾಗಿ ತಿಳಿದಿರುವುದು ತೀರ ಅಲ್ಪವೆಂದು ರೋಮನ್ ಕ್ಯಾಥೊಲಿಕ್ ಸಭೆಯೇ ೧೯೬೯ರಲ್ಲಿ ತನ್ನ ಸಾರ್ವತ್ರಿಕ ಪಂಚಾಂಗದಿಂದ ಆ ದಿನವನ್ನು ಬಿಟ್ಟಿತು. ಪ್ರಣಯಕ್ಕೂ ಆ ದಿನಕ್ಕೂ ನಂಟು ಬೆಳೆದುದು ಬಹಳ ತಡವಾಗಿ, ೧೪ನೆಯ ಶತಮಾನದಲ್ಲಿ, ಇಂಗ್ಲಿಷ್ ಕವಿ ಚಾಸರನು ಆ ದಿನ ಹಕ್ಕಿಗಳು ಕೂಡಿ ತಮ್ಮ ಜೋಡಿಗಳನ್ನು ಆರಿಸಿಕೊಳ್ಳುವುದನ್ನು ಕುರಿತು ಕಾವ್ಯ ಬರೆದ ಮೇಲೆ. ಮುಂದೆ ಊರೂರಿಗೆ ಆ ದಿನದ ಸ್ವರೂಪ ಬೇರೆಬೇರೆಯಾಯಿತು. ಫಿನ್ಲೆಂಡಿನಲ್ಲಿ ಅದನ್ನು ಗೆಳೆಯರ ದಿನವೆಂದೇ ಕರೆಯುವರು. ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿ ಹಿಂದಿನ ರಾತ್ರಿ ಜ್ಯಾಕ್ ವ್ಯಾಲೆಂಟೈನ್ ಎಂಬೊಬ್ಬನು ಬಂದು ಬಾಗಿಲು ತಟ್ಟಿ, ಮಕ್ಕಳಿಗಾಗಿ ಹೊಸ್ತಿಲ ಮೇಲೆ ಉಡುಗೊರೆಯಿಟ್ಟು ಮರೆಯಾಗುವನೆಂದು ನಂಬಿಕೆ. ಮಕ್ಕಳು ಓಡಿಬಂದು ಬಾಗಿಲು ತೆರೆಯುವಷ್ಟರಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಇಟ್ಟವರು ಮನೆಯ ಹಿರಿಯರೆಂಬುದನ್ನು ಹೇಳಬೇಕಾದುದೇನು? ಹೀಗಿರುವಲ್ಲಿ ಆ ದಿನ ಕೇವಲ ಪ್ರಣಯಿಗಳದೆಂದು ತಂದೆಯು ವಾದಿಸುವುದು ನಿಲ್ಲಲಾರದು.

ಅನ್ಯಮತದ ಸಂತನ ಹೆಸರಿನ ದಿನವೆಂಬ ಕಾರಣದಿಂದ ಇಷ್ಟಲಿಂಗನಿಷ್ಠೆಗೆ ಭಂಗ ಬಂದೀತೇ ಎಂದು ಕೆಲವು ಹಿರಿಯರು ಶಂಕಿಸುವರು. ಈಗ ಮನೆ ಶಾಲೆಗಳಲ್ಲಿ ನಡೆಯುವ ಆ ಆಚರಣೆಯಲ್ಲಿ ಪೂಜೆಯಿಲ್ಲ, ನೈವೇದ್ಯವಿಲ್ಲ, ಪ್ರಾರ್ಥನೆಯಿಲ್ಲ. ಕಾಗದದ ಚೂರಿನಿಂದ ಕೆಡುವಷ್ಟು ಸಡಿಲವಾದುದು ನಿಷ್ಠೆಯಾಗಲಾರದು. ಈ ಶಂಕೆಯನ್ನು ಇಲ್ಲಿಗೇ ಬಿಡಬಹುದು.

ನಿಜವಾದ ತೊಡಕಿರುವುದು ಬೇರೆ ಕಡೆ, ಅಂಗಡಿಯಲ್ಲಿ. ಇಂಗ್ಲೆಂಡಿನಲ್ಲಿ ೧೮೪೦ರಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದು ಇಂತಹ ಓಲೆಗಳ ಸಂಖ್ಯೆ ಬಹಳವಾಗಿ ಬೆಳೆಯಿತು. ಅದೇ ದಶಕದ ಕೊನೆಯಲ್ಲಿ ಅಮೆರಿಕೆಯ ಮ್ಯಾಸಚೂಸೆಟ್ಸ್ ರಾಜ್ಯದ ವುಸ್ಟರ್ ಪಟ್ಟಣದಲ್ಲಿ ಎಸ್ತರ್ ಹೌಲಂಡ್ ಎಂಬ ಕಾಗದ ವ್ಯಾಪಾರಿಯ ಮಗಳು ಜಾಲರಿ ಕಾಗದವನ್ನು ತರಿಸಿ, ಗೆಳತಿಯರನ್ನು ಮೇಜಿನ ಸುತ್ತ ಕೂರಿಸಿ, ಒಬ್ಬಳು ಕತ್ತರಿಸಲು ಒಬ್ಬಳು ಅಂಟಿಸಲು ಕಾರ್ಡುಗಳನ್ನು ಮಾಡಿಸತೊಡಗಿದಳು. ಆ ಉದ್ಯಮ ದೊಡ್ಡದಾಗಿ ಬೆಳೆಯಿತು. ೧೮೮೦ರ ಸುಮಾರಿಗೆ ಅವಳು ಅದನ್ನು ಬೇರೊಬ್ಬರಿಗೆ ಮಾರಿದಳು. ಕಾರಣವೇನೆಂದರೆ ತಂದೆಗೆ ದೇಹಾಲಸ್ಯವಾಗಿತ್ತು, ಅವನ ಶುಶ್ರೂಷೆಗೆ ಅವಳು ಬೇಕಾಗಿದ್ದಳು. ಕಾರ್ಡು ಮಾಡುವವಳಿಗೂ ಕಾರ್ಡಿನ ಅಳತೆ ತಿಳಿದಿತ್ತು ಎನ್ನಬೇಕು. ಆ ಮೇಲಿನ ಕಾಲದಲ್ಲಿ ದೊಡ್ಡ ಮುದ್ರಣಾಲಯಗಳು ಬಂದವು. ಮಗನಿಗೆ ಬೇರೆ, ಮಗಳಿಗೆ ಬೇರೆ, ಮೊಮ್ಮಗುವಿಗೆ ಬೇರೆ ಎಂದು ಅಚ್ಚಾದ ಕಾರ್ಡುಗಳು ಸಾಲಾಗಿ ದೊರೆಯತೊಡಗಿದವು. ಒಳಗಿನ ಪದ್ಯವೂ ಸಿದ್ಧ, ಪ್ರೀತಿಯ ಮಾತೂ ಸಿದ್ಧ. ತಂದೆತಾಯಿಗಳು ಮಾಡಬೇಕಾದುದು ಹಣ ಕೊಟ್ಟು ಕೆಳಗೆ ಹೆಸರು ಹಾಕುವುದಿಷ್ಟೆ.

ಇದರ ಅಪಾಯವನ್ನು ಅದೇ ದೇಶದ ಆ್ಯನಾ ಜಾರ್ವಿಸ್ ಎಂಬಾಕೆ ಬೇಗನೆ ಕಂಡಳು. ತನ್ನ ತಾಯಿಯ ನೆನಪಿಗಾಗಿ ೧೯೦೮ರಲ್ಲಿ ತಾಯಂದಿರ ದಿನವನ್ನು ಪ್ರಾರಂಭಿಸಿದವಳು ಆಕೆ. ೧೯೧೪ರಲ್ಲಿ ಅಧ್ಯಕ್ಷ ವಿಲ್ಸನ್ನರು ಅದನ್ನು ರಾಷ್ಟ್ರೀಯ ದಿನವೆಂದು ಸಾರಿದರು. ಆದರೆ ಹೂವಿನವರೂ ಮಿಠಾಯಿಯವರೂ ಕಾರ್ಡಿನವರೂ ಆ ದಿನವನ್ನು ವಶಪಡಿಸಿಕೊಂಡುದನ್ನು ಕಂಡು, ಉಳಿದ ಆಯುಷ್ಯವನ್ನೆಲ್ಲ ಆಕೆ ತಾನೇ ಹುಟ್ಟಿಸಿದ ದಿನದ ವಿರುದ್ಧ ಹೋರಾಡುವುದರಲ್ಲಿ ಕಳೆದಳು. ಹೆತ್ತವಳಿಗೆ ಸ್ವಂತ ಕೈಯಿಂದ ನಾಲ್ಕು ಸಾಲು ಬರೆಯಲಾರದ ಸೋಮಾರಿತನವೇ ಅಚ್ಚಿನ ಕಾರ್ಡು ಎಂಬುದು ಆಕೆಯ ಅಭಿಪ್ರಾಯವಾಗಿತ್ತು. ಆ ಮಾತು ಕಟುವಾದುದು. ಅದರಲ್ಲಿ ತೆಗೆದುಹಾಕುವಂಥದು ಏನೂ ಇಲ್ಲ.

ಶರಣರ ವಚನಗಳನ್ನು ಓದುವವರಿಗೆ ಇದು ಹೊಸ ವಿಚಾರವಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಂಬಿಗರ ಚೌಡಯ್ಯನು ದೋಣಿಯವನಾಗಿಯೇ ನುಡಿದನು, ಮಡಿವಾಳ ಮಾಚಯ್ಯನು ಮಡಿವಾಳನಾಗಿಯೇ ನುಡಿದನು. ಬಾಯಿಪಾಠದ ಶ್ಲೋಕವನ್ನು ಒಪ್ಪಿಸಿದ್ದರೆ ಅವರಿಗೆ ಶ್ರಮ ಉಳಿಯುತ್ತಿತ್ತು, ಪಂಡಿತರ ಮೆಚ್ಚಿಕೆಯೂ ಸಿಕ್ಕುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ತಮ್ಮ ಮನೆಯ ಮಾತು, ತಮ್ಮ ಕಾಯಕದ ಮಾತು, ಕೆಳಗೆ ತಮ್ಮದೇ ಅಂಕಿತ. ಎರವಲು ನುಡಿಯ ಕೆಳಗೆ ಹಾಕಿದ ಹೆಸರು ಅಂಕಿತವಾಗುವುದಿಲ್ಲ. ಅದು ಬರಿಯ ರುಜು.

ಇದು ಮಕ್ಕಳ ವಿಷಯದಲ್ಲಿ ಏಕೆ ಇಷ್ಟು ಮುಖ್ಯವೆಂಬುದಕ್ಕೆ ಹರಿಹರ ಕವಿಯು ರಗಳೆಯಾಗಿ ಹಾಡಿದ ಕೋಳೂರ ಕೊಡಗೂಸಿನ ಕಥೆಯನ್ನು ನೆನೆಯಬೇಕು. ತಂದೆತಾಯಿಗಳು ಪರಸ್ಥಳಕ್ಕೆ ಹೊರಟಾಗ, ದಿನವೂ ದೇಗುಲಕ್ಕೆ ಹಾಲನ್ನು ಒಯ್ದು ಶಿವನಿಗೆ ಕೊಟ್ಟು ಬಾ ಎಂದು ಎಳೆಯ ಮಗಳಿಗೆ ಹೇಳಿಹೋದರು. ಅವರ ಪಾಲಿಗೆ ಅದು ನಿತ್ಯದ ನೇಮ: ಹಾಲನ್ನಿಡುವುದು, ತರುವುದು. ಮಗಳಿಗೆ ಅದು ತಿಳಿಯದು. ಶಿವನಿಗೆ ಕೊಡು ಎಂದರೆ ಶಿವನು ಕುಡಿಯಬೇಕು. ಅವನು ಕುಡಿಯದಿರಲು ಅತ್ತಳು, ಬೇಡಿದಳು, ಕೊನೆಗೆ ತಲೆಯೊಡೆದುಕೊಳ್ಳುವೆನೆಂದಳು. ಶಿವನು ಕುಡಿದನು. ತಂದೆ ಹಿಂದಿರುಗಿ ಬಂದು ಹಾಲೆಲ್ಲಿ ಎಂದು ಕೇಳಿದಾಗ ಇದ್ದುದನ್ನು ಇದ್ದಂತೆ ಹೇಳಿದಳು. ತಾನು ಹೇಳಿಕೊಟ್ಟ ಮಾತೇ ನಿಜವಾಯಿತೆಂದರೆ ತಂದೆಗೆ ನಂಬಿಕೆಯಾಗಲಿಲ್ಲ. ಸುಳ್ಳೆಂದು ಬಗೆದು ಹೊಡೆಯಲು ಹೋದನು. ಮಗು ಲಿಂಗವನ್ನು ಅಪ್ಪಿತು, ಶಿವನು ಒಳಗೆ ಸೇರಿಸಿಕೊಂಡನು. ತಂದೆಯ ಕೈಗೆ ದೊರೆತುದು ಮಗಳ ಕೂದಲು ಮಾತ್ರ.

ಈ ಕಥೆಯನ್ನು ಸಾಮಾನ್ಯವಾಗಿ ಮುಗ್ಧಭಕ್ತಿಯ ಮಹಿಮೆಗಾಗಿ ಹೇಳುವರು. ಅದನ್ನು ತಂದೆಯ ಕಡೆಯಿಂದಲೂ ನೋಡಬೇಕು. ಹಿರಿಯರು ರೂಢಿಗೆಂದು ಆಡಿದ ಮಾತನ್ನು ಮಗು ದಿಟವೆಂದು ಹಿಡಿಯುವುದು. "ನೀನೇ ನನ್ನ ಬಾಳಿನ ಬೆಳಕು" ಎಂಬ ಅರ್ಥದ ಮಾತು ಅಚ್ಚಾಗಿರುವ ಕಾರ್ಡನ್ನು ತಂದೆ ಅಂಗಡಿಯಲ್ಲಿ ಪೂರ್ತಿ ಓದಿಯೂ ಇರಲಾರನು. ಏಳು ವರ್ಷದ ಮಗ ಅದನ್ನು ಅಕ್ಷರ ಅಕ್ಷರವಾಗಿ ಓದುವನು, ನಂಬುವನು, ಪುಸ್ತಕದೊಳಗೆ ಬಚ್ಚಿಡುವನು. ಮರುದಿನ ಏನನ್ನೋ ತೋರಿಸಲು ಬಂದಾಗ ತಂದೆ ಮೊಬೈಲಿನಿಂದ ಕಣ್ಣೆತ್ತದೆ "ಆಮೇಲೆ, ಆಮೇಲೆ" ಎಂದರೆ, ಯಾವುದು ಸುಳ್ಳು ಎಂದು ಆ ಮಗು ತೀರ್ಮಾನಿಸಬೇಕು? ನುಡಿಗೂ ನಡೆಗೂ ಬಿರುಕಿರಬಾರದೆಂದು ಬಸವಾದಿ ಶರಣರು ಮತ್ತೆ ಮತ್ತೆ ಎಚ್ಚರಿಸಿದರು. ಅದು ಅನುಭವಮಂಟಪದಲ್ಲಿ ಕುಳಿತವರಿಗೆ ಮಾತ್ರ ಹೇಳಿದುದಲ್ಲ. ಒಂದೆರಡು ವರ್ಷ ಹೀಗೆ ನಡೆದರೆ ಮಗು ಕಾರ್ಡನ್ನು ತೆರೆಯುವುದು, ಒಳಗೆ ಹಣವಿದೆಯೇ ನೋಡುವುದು, ಬದಿಗಿಡುವುದು. ಪ್ರೀತಿಯ ಮಾತೆಂದರೆ ಹೀಗೆಯೇ ಎಂದು ಕಲಿತು, ಮುಂದೆ ತಾನೂ ಅಷ್ಟೇ ಹಗುರವಾಗಿ ಅದನ್ನು ಆಡುವುದು.

ಹಾಗಾದರೆ ತಾಯಿ ಹೇಳಿದಂತೆ ಮೌನವೇ ಮೇಲಲ್ಲವೇ? ಕರ್ನಾಟಕದ ಹಳೆಯ ಮನೆಗಳಲ್ಲಿ ಮಗನನ್ನು ಪ್ರೀತಿಸುತ್ತೇನೆಂದು ಬಾಯಿಬಿಟ್ಟು ಹೇಳಿದ ತಂದೆ ಅಪರೂಪ. ಹೊಲದಿಂದ ಬಂದವನು ಹೆಗಲ ವಸ್ತ್ರದಲ್ಲಿ ಕಟ್ಟಿ ತಂದ ನಾಲ್ಕು ಬೋರೆಹಣ್ಣುಗಳನ್ನು ಮಾತಿಲ್ಲದೆ ಮಗನ ಮುಂದೆ ಇಡುತ್ತಿದ್ದನು. ತಾಯಿ ಬುತ್ತಿಯ ರೊಟ್ಟಿಯೊಳಗೆ ಬೆಣ್ಣೆಯ ಉಂಡೆಯೊಂದನ್ನು ಅಡಗಿಸಿಡುತ್ತಿದ್ದಳು. ಅದನ್ನು ಓದಲು ಆ ಮಕ್ಕಳಿಗೆ ಬರುತ್ತಿತ್ತು, ಏಕೆಂದರೆ ಊರೆಲ್ಲ ಅದೇ ಲಿಪಿಯಲ್ಲಿ ಬರೆಯುತ್ತಿತ್ತು. ದೂರದೇಶದಲ್ಲಿ ಬೆಳೆಯುವ ಮಗುವಿನ ಸ್ಥಿತಿ ಹಾಗಿಲ್ಲ. ಅದರ ಸುತ್ತಲಿನ ಮನೆಗಳಲ್ಲಿ ತಂದೆತಾಯಿಗಳು ಮಾತಿನಿಂದ ಒಲವನ್ನು ಹೇಳುವರು. ಅಂತಹ ಕಡೆ ತನ್ನ ಮನೆಯ ಮೌನವನ್ನು ಮಗು ಮೌನವೆಂದು ತಿಳಿಯದೆ ಇಲ್ಲವೆಂದು ತಿಳಿಯುವ ಸಂಭವವಿದೆ. ಹಳೆಯ ಮೌನವೆಲ್ಲವೂ ತುಂಬಿದ ಮೌನವಾಗಿತ್ತೆಂದೂ ಹೇಳಲಾಗದು. ತಂದೆಯ ಒಂದು ಮೆಚ್ಚುನುಡಿಗಾಗಿ ಕಾದು ಕಾದು ಮುದುಕರಾದವರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಕನ್ನಡಿಗರಿಗೆ ಕೈಯಿಂದ ಕೈಗೆ ಕೊಟ್ಟು ಒಲವು ತೋರಿಸುವುದು ಅಪರಿಚಿತವೂ ಅಲ್ಲ. ಫೆಬ್ರವರಿ ೧೪ಕ್ಕೆ ಸುಮಾರು ಒಂದು ತಿಂಗಳ ಮುಂಚೆ ಬರುವ ಸಂಕ್ರಾಂತಿಯಲ್ಲಿ ಎಳ್ಳುಬೆಲ್ಲವನ್ನು ಬೀರುವುದು ಒಳ್ಳೆಯ ಮಾತಿನ ನೆಪಕ್ಕಾಗಿಯೇ. ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯ ಸಂಜೆ ಬನ್ನಿ ಎಲೆಯನ್ನು ಬಂಗಾರವೆಂದು ಕೊಟ್ಟು, ಚಿಕ್ಕವರು ಹಿರಿಯರ ಪಾದ ಮುಟ್ಟುವರು. ಎಲೆಗೆ ಬೆಲೆಯಿಲ್ಲ. ವರ್ಷವಿಡೀ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಅದೊಂದು ಎಲೆಯ ನೆಪದಿಂದ ಮಾತನಾಡಿದ ಮನೆಗಳೆಷ್ಟೋ! ಆ ಎಲೆ ಬಂಗಾರವಾಗುವುದು ಎದುರಿಗೆ ನಿಂತು ಕೊಟ್ಟಾಗ. ಎಲೆಯ ಚಿತ್ರವನ್ನು ನೂರು ಜನರಿಗೆ ಒಮ್ಮೆಗೆ ಕಳುಹಿಸಿದಾಗ ಅಲ್ಲ.

ಆದುದರಿಂದ ಮಗು ಕೇಳಿದಾಗ ಕೊಡಬಹುದು. ಕೇಳದೆ ಇದ್ದಾಗಲೂ ಕೊಡಬಹುದು. ಬಿಳಿಯ ಕಾಗದವನ್ನು ಮಡಚಿದರೆ ಸಾಕು. ಅದರಲ್ಲಿ ಆ ಮಗುವಿಗೆ ಮಾತ್ರ ಸಲ್ಲುವ ಒಂದು ನಿಜವಿರಬೇಕು: ಕಳೆದ ವಾರ ತಂಗಿಗೆ ಜ್ವರ ಬಂದಾಗ ನೀನು ನಿನ್ನ ಹೊದಿಕೆಯನ್ನು ತಂದು ಹೊದಿಸಿದುದನ್ನು ನಾನು ಬಾಗಿಲಲ್ಲಿ ನಿಂತು ಕಂಡೆ, ಎಂಬಂತಹುದು. ಅಂಕಗಳ ಸುದ್ದಿ ಅದರಲ್ಲಿ ಬರಬಾರದು. ಚೆನ್ನಾಗಿ ಓದಿದುದಕ್ಕಾಗಿ ಪ್ರೀತಿ ಎಂದು ಒಮ್ಮೆ ಬರೆದರೆ, ಓದು ಹಿಂದೆ ಬಿದ್ದ ವರ್ಷ ಆ ಮಗು ಆ ಓಲೆಯನ್ನು ಬೇರೆ ರೀತಿಯಲ್ಲಿ ಓದುವುದು. ಚಾಕೊಲೇಟ್ ಪೆಟ್ಟಿಗೆ ವರ್ಷದಿಂದ ವರ್ಷಕ್ಕೆ ದೊಡ್ಡದಾಗುವುದೂ ತರವಲ್ಲ. ಗಂಡನು ಅಳತೆ ಮೀರಿ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದುಬರುವಂತೆ ಹೇಳಿದ ಆಯ್ದಕ್ಕಿ ಲಕ್ಕಮ್ಮನನ್ನು ಗೃಹಿಣಿಯರು ಇಲ್ಲಿ ನೆನೆಯಬಹುದು. ಇನ್ನು ಹದಿಹರೆಯದವರು. ಆ ದಿನ ತನಗೆ ಯಾರಿಂದಲೂ ಕಾರ್ಡು ಬರಲಿಲ್ಲವೆಂದು ಒಳಗೇ ಕುಗ್ಗಿರುವ ಹದಿನಾರರ ಮಗಳ ಕೈಗೆ ತಂದೆ ಎಲ್ಲರ ಮುಂದೆ ಕೆಂಪು ಕಾಗದವನ್ನು ಕೊಟ್ಟರೆ ಅವಳಿಗೆ ನಾಚಿಕೆಯೇ ಹೆಚ್ಚಾಗುವುದು. ಅಲ್ಲಿ ನಾರ್ಫೋಕಿನ ಜ್ಯಾಕನ ಮಾರ್ಗವೇ ಮೇಲು. ಅವಳ ಪುಸ್ತಕಗಳ ಮೇಲೆ ಇಟ್ಟು, ಹೇಳದೆ, ಕೇಳದೆ, ಸುಮ್ಮನಿರುವುದು. ಕೊಟ್ಟೆನೆಂಬ ಭಾವ ಕೊಟ್ಟವನಲ್ಲಿ ಉಳಿಯಬಾರದೆಂಬುದೇ ದಾಸೋಹದ ತಿರುಳು. ಕೊಟ್ಟುದರ ಚಿತ್ರ ತೆಗೆದು ನೆಂಟರಿಷ್ಟರಿಗೆಲ್ಲ ತೋರಿಸುವ ಈಗಿನ ಚಪಲಕ್ಕೆ ಅದರಲ್ಲಿ ಎಡೆಯಿಲ್ಲ.

ಯಾವ ನುಡಿಯಲ್ಲಿ ಬರೆಯಬೇಕೆಂಬುದು ಕಡೆಯ ಮಾತು. ಹುಬ್ಬಳ್ಳಿಯಲ್ಲಿ ಹುಟ್ಟಿ ಟೆಕ್ಸಾಸಿನಲ್ಲಿ ಮನೆ ಮಾಡಿರುವ ತಂದೆಗೆ ಒಳಗಿನ ಮಾತು ಬರುವುದು ಕನ್ನಡದಲ್ಲಿಯೇ. ಅದರಲ್ಲಿಯೇ ಬರೆಯಲಿ. ಮಗುವಿಗೆ ಕನ್ನಡ ಓದಲು ಬಾರದೆಂದು ಹಿಂಜರಿಯಬೇಕಾಗಿಲ್ಲ. ಅದು ಆ ಓಲೆಯನ್ನು ಹಿಡಿದು ಅಡಿಗೆಮನೆಗೆ ಓಡಿ, ಇದರಲ್ಲಿ ಏನಿದೆ ಓದಿ ಹೇಳು ಎಂದು ತಾಯಿಯನ್ನೇ ಕೇಳುವುದು. ಪ್ರೀತಿಯನ್ನು ಬರೆದು ತೋರಿಸಬೇಕೇ ಎಂದಿದ್ದ ತಾಯಿ ಆಗ ಕೈಯೊರಸಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು, ಒಂದೊಂದು ಮಾತನ್ನೂ ಗಟ್ಟಿಯಾಗಿ ಓದಬೇಕಾಗುವುದು.