ಸತ್ತವಳ ಸಾಕ್ಷಿ

"ಸತ್ತದ್ದಂತೂ ಸತ್ತಳು, ಇನ್ನು ಆ ದೇಹವನ್ನು ಕೊಯ್ಯಿಸಿ ಹಿಂಸೆ ಕೊಡುವುದು ಯಾಕೆ?" ಸಾವಿನ ಮನೆಯಲ್ಲಿ ಈ ಮಾತು ಕೇಳದ ಹೆಂಗಸರು ಕಡಿಮೆ. ಹೇಳುವವರೆಲ್ಲ ಕೆಟ್ಟವರೇನಲ್ಲ. ಹೆತ್ತವಳಿಗಂತೂ, ತಾನು ಎಣ್ಣೆ ನೀರೆರೆದು ಬೆಳೆಸಿದ ಮೈಗೆ ಕತ್ತಿ ತಾಗುವುದೆಂದರೆ ಸಹಿಸಲಾರದ ಸಂಗತಿ. ಆದರೂ ಈ ಮಾತಿನಲ್ಲಿರುವ ಕರುಣೆ ಯಾರ ಮೇಲಿನದು ಎಂದು ಒಮ್ಮೆ ಯೋಚಿಸಬೇಕು.

ಶವಾಗಾರದ ಬಾಗಿಲಾಚೆ ಏನು ನಡೆಯುತ್ತದೆಂದು ನಮ್ಮಲ್ಲಿ ಬಹುಮಂದಿಗೆ ತಿಳಿಯದು. ತಿಳಿಯದಿರುವುದರಿಂದಲೇ ಹೆದರಿಕೆ ಹೆಚ್ಚು. ವೈದ್ಯರು ಮೊದಲಿಗೇ ಕತ್ತಿ ಹಿಡಿಯುವುದಿಲ್ಲ, ನೋಡುತ್ತಾರೆ. ಉಟ್ಟ ಬಟ್ಟೆ, ಉಗುರು, ಮೈಮೇಲಿನ ಗಾಯ, ಅದರ ಉದ್ದ ಅಗಲ, ಅದು ಹಳೆಯದೋ ಹೊಸದೋ ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆಮೇಲೆ ತಲೆ, ಎದೆ, ಹೊಟ್ಟೆಗಳನ್ನು ತೆರೆದು ಪರೀಕ್ಷಿಸುತ್ತಾರೆ. ವಿಷದ ಅನುಮಾನವಿದ್ದರೆ ಜಠರ, ಪಿತ್ತಜನಕಾಂಗ, ಮೂತ್ರಪಿಂಡಗಳ ಭಾಗಗಳನ್ನು ಸಾಮಾನ್ಯವಾಗಿ ಉಪ್ಪುನೀರಿನಲ್ಲಿಟ್ಟು, ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕೊನೆಗೆ ಹೊಲಿಗೆ ಹಾಕಿ, ದೇಹವನ್ನು ಶುಚಿ ಮಾಡಿ ಒಪ್ಪಿಸಬೇಕು.

ಇಷ್ಟೆಲ್ಲ ಮಾಡಿ ಸಿಗುವುದೇನು? ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ "ಸ್ಟೌ ಸಿಡಿಯಿತು" ಎಂಬ ಎರಡು ಪದಗಳಲ್ಲಿ ಎಷ್ಟೋ ಸೊಸೆಯಂದಿರ ಕಥೆ ಮುಗಿದುಹೋಗುತ್ತಿತ್ತು. 1990ರ ದಶಕದಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯ ಮಹಿಳೆಯರು ಇಂಥ ಸಾವುಗಳ ಬೆನ್ನುಹತ್ತಿ ವಿಚಾರಿಸಿದ್ದು ಈ ಕಾರಣಕ್ಕೇ. ಸುಟ್ಟ ದೇಹದ ಶ್ವಾಸನಾಳದಲ್ಲಿ ಮಸಿ ಕಂಡರೆ, ಬೆಂಕಿ ಉರಿಯುವಾಗ ಆಕೆ ಉಸಿರಾಡುತ್ತಿದ್ದಳೆಂದು ಅರ್ಥ. ಅಲ್ಲಿ ಮಸಿಯೂ ಇಲ್ಲ, ರಕ್ತದಲ್ಲಿ ಹೊಗೆಯ ವಿಷಾನಿಲವೂ ಇಲ್ಲ ಎಂದಾದರೆ, ಬೆಂಕಿ ಬೀಳುವ ಮೊದಲೇ ಆಕೆ ಸತ್ತಿದ್ದಳೇ ಎಂಬ ಪ್ರಶ್ನೆ ಏಳುತ್ತದೆ. ನೇಣಿನ ಗುರುತು ಸಾಮಾನ್ಯವಾಗಿ ಕತ್ತಿನ ಮೇಲ್ಭಾಗದಲ್ಲಿ ಓರೆಯಾಗಿರುತ್ತದೆ. ಹಗ್ಗ ಬಿಗಿದು ಕೊಂದಿದ್ದರೆ ಕತ್ತಿನ ಸುತ್ತ ಅಡ್ಡಲಾಗಿ ಮೂಡಿರುವುದೇ ಹೆಚ್ಚು. ಬಾಯಿ ಮುಚ್ಚಿಹೋದವಳು ಹೀಗೆ ಮೈಯಿಂದ ಮಾತಾಡುತ್ತಾಳೆ. ಅವಸರದಲ್ಲಿ ಚಿತೆಗಿಟ್ಟರೆ ಆ ಮಾತೂ ಉರಿದುಹೋಗುತ್ತದೆ.

ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳೊಬ್ಬಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನ ಬರುವಂತೆ ಸತ್ತರೆ, ಶವವನ್ನು ಪರೀಕ್ಷೆಗೆ ಕಳಿಸಬೇಕೆಂದು 1983ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೆಯ ಕಲಮಿನಲ್ಲೂ ಈ ನಿಯಮ ಉಳಿದಿದೆ. ಇಂಥ ಪರೀಕ್ಷೆಗೆ ಮನೆಯವರ ಒಪ್ಪಿಗೆ ಬೇಕಿಲ್ಲ. ಮೊದಮೊದಲು ಇದು ನನಗೆ ಕಟುವೆನಿಸುತ್ತಿತ್ತು. ದುಃಖದಲ್ಲಿರುವವರನ್ನು ಒಂದು ಮಾತೂ ಕೇಳಬಾರದೇ? ಆದರೆ ಒಪ್ಪಿಗೆ ಕೊಡಬೇಕಾದವರ ಮೇಲೆಯೇ ಅನುಮಾನವಿದ್ದಾಗ ಯಾರನ್ನು ಕೇಳುವುದು? ಬದುಕಿದ್ದಾಗ ತವರಿನವಳೋ ಗಂಡನ ಮನೆಯವಳೋ ಎಂಬ ಎಳೆದಾಟದಲ್ಲೇ ಸವೆದವಳ ದೇಹ, ಸತ್ತ ಮೇಲಾದರೂ ಇಬ್ಬರ ಸ್ವತ್ತೂ ಆಗದೆ ಅವಳದೇ ಆಗಿ ಉಳಿಯಬೇಡವೇ?

ಹಾಗೆಂದು ಹೆತ್ತವಳ ಸಂಕಟವನ್ನು ತಳ್ಳಿಹಾಕುವಂತಿಲ್ಲ. ಪರೀಕ್ಷೆ ಬೇಡವೆನ್ನುವ ಬದಲು, ಅದು ಮರ್ಯಾದೆಯಿಂದ ನಡೆಯಲಿ ಎಂದು ನಾವು ಕೇಳಬೇಕು. ದೇಹವನ್ನು ಹೊರಗೆ ಜಗಲಿಯ ಮೇಲೆ ಮಲಗಿಸಬಾರದು, ಮೇಲೊಂದು ಶುಭ್ರ ಬಟ್ಟೆ ಇರಬೇಕು, ಹೊಲಿಗೆ ನೀಟಾಗಿರಬೇಕು, ಹೊರಗೆ ಕಾದವರೊಡನೆ ಮೆತ್ತಗೆ ಮಾತಾಡಬೇಕು. ಇವು ದೊಡ್ಡ ಬೇಡಿಕೆಗಳಲ್ಲ.

ಶವಪರೀಕ್ಷೆಗೂ ಒಂದು ಮಿತಿಯಿದೆ. ಶ್ವಾಸನಾಳದ ಮಸಿ ಆಕೆ ಬದುಕಿದ್ದಳೆಂದು ಹೇಳೀತು. ಕಡ್ಡಿ ಗೀರಿದ ಕೈ ಯಾರದೆಂದು ಹೇಳದು. ಅದನ್ನು ಹೇಳಬೇಕಾದವರು ಅಕ್ಕಪಕ್ಕದ ಮನೆಯವರು, ಗೋಡೆಯಾಚೆಯ ಜಗಳವನ್ನು ದಿನವೂ ಕೇಳಿಸಿಕೊಂಡವರು. ಪಂಚನಾಮೆಯ ದಿನ ತಹಶೀಲ್ದಾರರು ಬಂದು ಕೇಳಿದಾಗ, "ನಮಗೇನೂ ಗೊತ್ತಿಲ್ಲ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು.