ಉಪ್ಪು, ವಂಶವಾಹಿ, ಕರ್ಮ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆಯನ್ನು ನಾವು ಕರ್ಮಫಲದ ಅರ್ಥದಲ್ಲಿ ಆಡುತ್ತೇವೆ. ಅದೇ ಧಾಟಿಯಲ್ಲಿ, ಬಿ.ಪಿ. ಬಂದವರನ್ನು ಕಂಡಾಗ ನಾಲಿಗೆ ಚಪಲದ ಫಲ ಎಂದೋ ಪ್ರಾರಬ್ಧ ಎಂದೋ ತೀರ್ಪು ಕೊಟ್ಟುಬಿಡುತ್ತೇವೆ. ಆದರೆ ಅಷ್ಟೇ ಉಪ್ಪು ಎಲ್ಲ ದೇಹಗಳಿಗೂ ಅಷ್ಟೇ ಫಲ ಕೊಡುವುದಿಲ್ಲ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಲೂಯಿಸ್ ಡಾಲ್ 1960ರ ದಶಕದಲ್ಲಿ ಇಲಿಗಳ ಎರಡು ತಳಿಗಳನ್ನು ಆಯ್ದು ಬೆಳೆಸಿದರು. ಎರಡಕ್ಕೂ ಒಂದೇ ಬಗೆಯ ಉಪ್ಪಿನ ಆಹಾರ ಹಾಕಿದರೂ ಒಂದರ ರಕ್ತದೊತ್ತಡ ವಿಪರೀತ ಏರಿತು, ಇನ್ನೊಂದರದು ಹೆಚ್ಚು ಕದಲಲಿಲ್ಲ. ಮೊದಲ ತಳಿಯ ಮೂತ್ರಪಿಂಡವನ್ನು ಎರಡನೆಯದಕ್ಕೆ ಕಸಿ ಮಾಡಿದಾಗ ಒತ್ತಡವೂ ಅದರ ಜೊತೆಗೇ ಹೋಯಿತು. ಉಪ್ಪನ್ನು ಹೊರಹಾಕಲು ಅಂಥ ಮೂತ್ರಪಿಂಡಕ್ಕೆ ಹೆಚ್ಚಿನ ಒತ್ತಡ ಬೇಕು. ಮನುಷ್ಯರಲ್ಲಿ ರಕ್ತದೊತ್ತಡ ಏರಿಸುವ ಲಿಡಲ್ ಸಿಂಡ್ರೋಮ್‌ನಂಥ ಅಪರೂಪದ ಕಾಯಿಲೆಗೆ ಒಂದೇ ವಂಶವಾಹಿಯ ದೋಷ ಸಾಕು; ಸಾಮಾನ್ಯವಾಗಿ ಹಲವು ವಂಶವಾಹಿಗಳ ಸಣ್ಣ ಸಣ್ಣ ಪಾಲು ಕೂಡಿರುತ್ತದೆ.

ಹಾಗಾದರೆ ವಂಶವಾಹಿಯೇ ಪ್ರಾರಬ್ಧವಲ್ಲವೆ ಎಂದು ಆಸ್ತಿಕರು ಕೇಳಬಹುದು. ಅಲ್ಲ. ಪ್ರಾರಬ್ಧವೆಂದರೆ ಜೀವ ತಾನೇ ಹಿಂದೆ ಮಾಡಿದ್ದರ ಫಲ. ವಂಶವಾಹಿ ತಂದೆತಾಯಿಯರಿಂದ ಬಂದದ್ದು, ಅದರ ಹಂಚಿಕೆಗೆ ಪಾಪಪುಣ್ಯದ ಲೆಕ್ಕವಿಲ್ಲ. ರೋಗಿಯ ಹಿಂದಿನ ಜನ್ಮವನ್ನು ದೂರುವುದು ಗಾಯದ ಮೇಲೆ ಬರೆ ಎಳೆದಂತೆ. ಹುಟ್ಟಿನಲ್ಲೇ ತೀರ್ಮಾನವಾಗಿದ್ದರೆ ಪಥ್ಯವೇಕೆ ಎಂಬ ಎದುರು ವಾದವೂ ಇದೆ. ಅದಕ್ಕೂ ಆ ಇಲಿಗಳೇ ಉತ್ತರ: ಉಪ್ಪು ಕಡಿಮೆ ಮಾಡಿದಾಗ ಅದೇ ದುರ್ಬಲ ತಳಿಯಲ್ಲಿ ಒತ್ತಡ ಅಷ್ಟು ಏರಲಿಲ್ಲ. ಹುಟ್ಟಿನಿಂದ ಬಂದದ್ದು ಒಲವು ಮಾತ್ರ. ಫಲಕ್ಕೆ ಆಹಾರವೂ ಕೂಡಬೇಕು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ ಎಂ. ಹಿರಿಯಣ್ಣನವರು 1932ರಲ್ಲಿ ಹೊರಬಂದ ಭಾರತೀಯ ತತ್ತ್ವಶಾಸ್ತ್ರದ ಗ್ರಂಥದಲ್ಲಿ ಕರ್ಮಸಿದ್ಧಾಂತ ಹಣೆಬರಹದ ವಾದವಲ್ಲವೆಂದು ವಾದಿಸಿದರು. ಕರ್ಮವನ್ನು ನಂಬುವವರೂ ಪುರುಷಪ್ರಯತ್ನವನ್ನು ಬಿಡಬೇಕಿಲ್ಲ.

ಆದರೆ ಈ ಪ್ರಯತ್ನ ಯಾರದು? ಉಣ್ಣುವವನದು ಮಾತ್ರ ಎಂದರೆ ಅರ್ಧ ಸತ್ಯ. ಸಾರಿನಲ್ಲಿ ಬೆರೆತ ಉಪ್ಪನ್ನು ಅವನು ತೆಗೆಯಲಾರ. ಪಂಕ್ತಿಯಲ್ಲಿ ಕುಳಿತವರಲ್ಲಿ ಯಾರ ಮೂತ್ರಪಿಂಡ ಎಂಥದು ಎಂದು ಬಡಿಸುವವನೂ ಅರಿಯ. ಅರಿಯದಿರುವುದರಿಂದಲೇ ಅವನ ಹೊಣೆ ಹೆಚ್ಚು. ಉಪ್ಪಿಲ್ಲದ ಊಟ ರುಚಿಸದು, ಒಬ್ಬರಿಗಾಗಿ ಎಲ್ಲರೂ ಸಪ್ಪೆ ಉಣ್ಣಬೇಕೆ ಎಂದರೆ, ನಮ್ಮ ಬಾಳೆಲೆಯ ಊಟದಲ್ಲೇ ದಾರಿಯಿದೆ: ಎಲೆಯ ಕೊನೆಗೆ ಚಿಟಿಕೆ ಉಪ್ಪು ಬೇರೆ ಬಡಿಸುವ ಪದ್ಧತಿ. ಬೇಕಾದವರು ಬೆರೆಸಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಅನ್ನದಾನವನ್ನು ಪುಣ್ಯವೆಂದು ನಂಬುವ ಛತ್ರ, ಮಠ, ಮದುವೆ ಮನೆಗಳು ಅಡುಗೆಯಲ್ಲಿ ಉಪ್ಪು ತಗ್ಗಿಸಲಿ. ಉಣ್ಣುವವರ ಪ್ರಾಣ ಕಾಯುವುದೂ ಆ ಪುಣ್ಯದ ಭಾಗವೇ.